ಮಲೆನಾಡಿನಿಂದ ಸಂಗಾತಿ ವೀಸಾ: ದಾಖಲೆಗಳನ್ನು ಯಾವ ಕ್ರಮದಲ್ಲಿ ಸಿದ್ಧಪಡಿಸಬೇಕು

ಅಮೆರಿಕದಲ್ಲಿರುವ ಗಂಡನನ್ನೋ ಹೆಂಡತಿಯನ್ನೋ ಸೇರಲು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಹೋಗುವ ಕಡತಗಳು ಹೆಚ್ಚಾಗಿ ಒಂದೇ ಕಾರಣಕ್ಕೆ ನಿಂತುಹೋಗುತ್ತವೆ. ನಮೂನೆ ತುಂಬಲು ಬಾರದೆ ನಿಲ್ಲುವುದು ಕಡಿಮೆ. ಅರ್ಜಿ ಮೊದಲು ಸಲ್ಲಿಸೋಣ, ಊರಿನ ಕಾಗದಗಳನ್ನು ಆಮೇಲೆ ತರಿಸಿದರಾಯಿತು ಎಂದು ಹೊರಟು ನಿಲ್ಲುವುದೇ ಹೆಚ್ಚು. ಅರ್ಜಿಯಲ್ಲಿ ಬರೆದ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಮತ್ತು ಮದುವೆಯ ದಿನಾಂಕ ಒಮ್ಮೆ ಅಮೆರಿಕದ ವಲಸೆ ಅಧಿಕಾರಿಗಳ ದಾಖಲೆಗೆ ಸೇರಿದ ಮೇಲೆ, ತಿಂಗಳುಗಳ ನಂತರ ಊರಿನಿಂದ ಬಂದ ಪ್ರಮಾಣಪತ್ರ ಬೇರೆಯದನ್ನು ಹೇಳಿದರೆ, ಯಾವುದು ಸರಿ, ಏಕೆ ವ್ಯತ್ಯಾಸವಾಯಿತು ಎಂದು ಸಾಬೀತುಪಡಿಸುವ ಹೊರೆ ಅರ್ಜಿದಾರರ ಮೇಲೆಯೇ ಬೀಳುತ್ತದೆ. ಆದ್ದರಿಂದ ಇಲ್ಲಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಬೇಕು.

ಈ ಕಡತ ಮೂರು ಕಚೇರಿಗಳನ್ನು ದಾಟುತ್ತದೆ. ಅಮೆರಿಕದಲ್ಲಿರುವ ಸಂಗಾತಿ ಐ-130 ಎಂಬ ಅರ್ಜಿಯನ್ನು ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಸಲ್ಲಿಸುತ್ತಾರೆ. ಅದು ಮಂಜೂರಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ, ಅಂದರೆ ಎನ್‌ವಿಸಿಗೆ ಹೋಗಿ, ಕೊನೆಗೆ ಸಂದರ್ಶನಕ್ಕಾಗಿ ಮುಂಬೈಯ ಅಮೆರಿಕನ್ ಕಾನ್ಸುಲೇಟ್‌ಗೆ ಬರುತ್ತದೆ. ಅರ್ಜಿ ಹಾಕುವವರು ಅಮೆರಿಕದ ಪ್ರಜೆಯಾಗಿದ್ದರೆ ವೀಸಾ ಸಂಖ್ಯೆಗೆ ಸರದಿ ಕಾಯಬೇಕಾಗಿಲ್ಲ. ಗ್ರೀನ್ ಕಾರ್ಡ್ ಹೊಂದಿದವರಾಗಿದ್ದರೆ ಎಫ್2ಎ ವರ್ಗದ ಸರದಿ ಅನ್ವಯಿಸುತ್ತದೆ, ಮತ್ತು ಅದನ್ನು ಪ್ರತಿ ತಿಂಗಳ ವೀಸಾ ಬುಲೆಟಿನ್‌ನಲ್ಲಿ ನೋಡಿಕೊಳ್ಳಬೇಕು.

ಕೈಯಲ್ಲಿ ಇರಬೇಕಾದ ಸಾಮಾನು

ಗೆರೆ ಎಳೆದ ಒಂದು ನೋಟ್‌ಬುಕ್, ಗಾಳಿಯಾಡದ ಪ್ಲಾಸ್ಟಿಕ್ ಫೋಲ್ಡರುಗಳು ಮತ್ತು ಬಣ್ಣದ ಪ್ರತಿ ತೆಗೆಯುವ ಸ್ಕ್ಯಾನರ್ ಇರುವ ಜೆರಾಕ್ಸ್ ಅಂಗಡಿಯ ಪರಿಚಯ ಇಷ್ಟಿದ್ದರೆ ಸಾಕು. ಮಳೆಗಾಲದಲ್ಲಿ ನಮ್ಮ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಹಳೆಯ ಮೊಹರಿನ ಶಾಯಿ ಹರಡಿದರೆ ಆ ಪ್ರತಿ ಕೆಲಸಕ್ಕೆ ಬಾರದು. ಹಾಗೆಂದು ಮೂಲ ದಾಖಲೆಯನ್ನು ಲ್ಯಾಮಿನೇಶನ್ ಮಾಡಿಸಬಾರದು, ಏಕೆಂದರೆ ಮುಂದೆ ಅದರ ಮೇಲೆ ಮೊಹರು ಹಾಕಿಸುವುದಕ್ಕಾಗಲಿ ಹಿಂಬದಿಯ ಬರಹವನ್ನು ಪರಿಶೀಲಿಸುವುದಕ್ಕಾಗಲಿ ಅವಕಾಶವಿರುವುದಿಲ್ಲ.

ಹಂತ 1: ಹೆಸರು, ದಿನಾಂಕ ಮತ್ತು ಊರುಗಳ ತಾಳೆ

ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತುವ ಮೊದಲು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಉದ್ದಕ್ಕೆ ದಾಖಲೆಗಳನ್ನೂ ಅಡ್ಡಕ್ಕೆ ವಿವರಗಳನ್ನೂ ಬರೆಯಬೇಕು. ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಪಾಸ್‌ಪೋರ್ಟ್ ಮತ್ತು ವಿವಾಹ ಪ್ರಮಾಣಪತ್ರ ಇವುಗಳಲ್ಲಿ ಪ್ರತಿಯೊಂದರ ಮುಂದೆಯೂ ಹೆಸರು, ಉಪನಾಮ, ಹುಟ್ಟಿದ ದಿನ, ಹುಟ್ಟಿದ ಊರು, ತಂದೆತಾಯಿಯರ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಲ್ಲಿ ಇದ್ದದ್ದು ಇದ್ದಂತೆಯೇ ಇಳಿಸಬೇಕು. ನೆನಪಿನಿಂದ ಬರೆಯಬಾರದು, ದಾಖಲೆಯನ್ನು ಎದುರಿಗಿಟ್ಟುಕೊಂಡೇ ಬರೆಯಬೇಕು.

ನಮ್ಮ ಕಡೆಯ ಹೆಸರುಗಳು ಈ ಪಟ್ಟಿಯಲ್ಲಿ ಕೊಡುವ ತೊಂದರೆ ಒಂದೆರಡಲ್ಲ. ಸುಮಾ ಎಂಬ ಹೆಸರಿನ ಹಿಂದೆ ಅಂಕಪಟ್ಟಿಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಬಿಡಿಸಿ ಉಪನಾಮದ ಸ್ಥಳಕ್ಕೆ ಬಂದಿರುತ್ತವೆ. ಆಧಾರ್‌ನಲ್ಲಿ ಬರಿಯ ಸುಮಾ ಇರುತ್ತದೆ. ಮದುವೆಯ ನಂತರ ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ. ತಂದೆಯ ಹೆಸರಿಗೆ ಒಂದು ಕಡೆ ಹೆಗಡೆ, ಇನ್ನೊಂದು ಕಡೆ ಹೆಗ್ಡೆ, ಮತ್ತೊಂದು ಕಡೆ ಬರಿಯ ಭಟ್ಟರು ಎಂದಿರುವುದೂ ಉಂಟು. ಊರಿನ ಹೆಸರಿನದು ಬೇರೆಯ ಕತೆ. ಶಿಮೊಗ್ಗ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದುದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ ಆದ ಕಾರಣ, ಹಳೆಯ ಪಾಸ್‌ಪೋರ್ಟಿಗೂ ಹೊಸದಾಗಿ ಪಡೆದ ಪ್ರಮಾಣಪತ್ರಕ್ಕೂ ಹುಟ್ಟೂರು ಹೊಂದುವುದಿಲ್ಲ. ಇದು ಸರ್ಕಾರವೇ ಬದಲಿಸಿದ ಹೆಸರಾದ್ದರಿಂದ ಒಂದು ಸಾಲಿನ ವಿವರಣೆ ಸಾಕು. ಅದಕ್ಕಾಗಿ ಪಾಸ್‌ಪೋರ್ಟ್ ಬದಲಿಸಲು ಓಡಬೇಕಾಗಿಲ್ಲ.

ಕಾಗುಣಿತದ ಒಂದು ಅಕ್ಷರದ ವ್ಯತ್ಯಾಸವನ್ನು, ಎರಡೂ ಹೆಸರುಗಳು ಒಬ್ಬರದೇ ಎಂದು ನೋಟರಿಯ ಮುಂದೆ ಮಾಡಿಸಿದ ಅಫಿಡವಿಟ್‌ನಿಂದ ವಿವರಿಸಬಹುದು. ಹುಟ್ಟಿದ ದಿನದ ವ್ಯತ್ಯಾಸ ಅಷ್ಟು ಹಗುರವಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ವಯಸ್ಸು ಸರಿಹೊಂದಿಸಿ ಜೂನ್ 1 ಎಂದು ಬರೆದಿದ್ದು, ಜನನ ನೋಂದಣಿಯ ಪುಸ್ತಕದಲ್ಲಿ ಬೇರೆ ತಿಂಗಳಿದ್ದರೆ, ಅದನ್ನು ಅರ್ಜಿಯ ಮೊದಲೇ ಸರಿಪಡಿಸಬೇಕು, ಮತ್ತು ಯಾವ ದಾಖಲೆಯನ್ನು ಯಾವುದಕ್ಕೆ ಹೊಂದಿಸಬೇಕೆಂದು ವಕೀಲರನ್ನು ಕೇಳಿಯೇ ಮುಂದುವರಿಯಬೇಕು. ಅನುಕೂಲವಾದ ದಾಖಲೆಯನ್ನು ಮುಂದಿಟ್ಟು ಇನ್ನೊಂದನ್ನು ಮುಚ್ಚಿಡುವುದು ಇಡೀ ಕಡತವನ್ನು ಅನುಮಾನಕ್ಕೆ ದೂಡುವ ಖಚಿತವಾದ ದಾರಿ.

ಹಂತ 2: ಜನನ ಪ್ರಮಾಣಪತ್ರ

ಇಲ್ಲಿ ಬಹಳ ಜನ ತಪ್ಪು ಊರಿನಲ್ಲಿ ಹುಡುಕುತ್ತಾರೆ. ಜನನವು ಮಗು ಹುಟ್ಟಿದ ಸ್ಥಳದಲ್ಲಿ ನೋಂದಣಿಯಾಗುತ್ತದೆಯೇ ಹೊರತು ತಂದೆಯ ಮನೆಯಿರುವ ಊರಿನಲ್ಲಲ್ಲ. ಚೊಚ್ಚಲ ಹೆರಿಗೆಗೆ ತಾಯಿ ತವರಿಗೆ ಹೋಗುವುದು ವಾಡಿಕೆಯಾದ್ದರಿಂದ, ಸಾಗರದ ಮನೆತನದ ಮಗಳ ನೋಂದಣಿ ತೀರ್ಥಹಳ್ಳಿ ತಾಲ್ಲೂಕಿನ ಅಜ್ಜನ ಮನೆಯ ಹಳ್ಳಿಯಲ್ಲಿಯೋ ಶಿವಮೊಗ್ಗದ ಆಸ್ಪತ್ರೆಯ ಲೆಕ್ಕದಲ್ಲಿಯೋ ಇರಬಹುದು. ಮೊದಲು ಅಮ್ಮನನ್ನೋ ಅಜ್ಜಿಯನ್ನೋ ಕೂರಿಸಿ ಹೆರಿಗೆ ಎಲ್ಲಾಯಿತೆಂದು ಕೇಳಿ, ಆ ಗ್ರಾಮದ ಅಥವಾ ಪಟ್ಟಣದ ನೋಂದಣಾಧಿಕಾರಿಯ ಬಳಿ ವಿಚಾರಿಸಬೇಕು. ಹಳೆಯ ಪುಸ್ತಕಗಳು ಗ್ರಾಮ ಲೆಕ್ಕಿಗರ ಕೈಯಿಂದ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗಿರುವುದು ಸಾಮಾನ್ಯ. ಹಾಗಾಗಿ ಒಂದು ಕಡೆ ಇಲ್ಲವೆಂದ ಮಾತ್ರಕ್ಕೆ ನೋಂದಣಿಯೇ ಆಗಿಲ್ಲವೆಂದು ತೀರ್ಮಾನಿಸಬಾರದು.

ಸಿಕ್ಕ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಎರಡನೆಯ ಸಮಸ್ಯೆ. ನಾಮಕರಣಕ್ಕೆ ಮೊದಲೇ ನೋಂದಣಿ ಮಾಡಿಸಿ, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿರುವುದಿಲ್ಲ. ಹೆಸರಿಲ್ಲದ ಪ್ರಮಾಣಪತ್ರ ವೀಸಾ ಕಡತಕ್ಕೆ ಸಾಲದು. ಶಾಲಾ ದಾಖಲೆ ಮತ್ತು ತಂದೆತಾಯಿಯರ ಗುರುತಿನ ಪತ್ರಗಳೊಂದಿಗೆ ಅದೇ ನೋಂದಣಾಧಿಕಾರಿಗೆ ಹೆಸರು ಸೇರಿಸಲು ಅರ್ಜಿ ಕೊಟ್ಟು, ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಬರೆಯಲು ಕೇಳಿಕೊಳ್ಳಬೇಕು.

ಎಲ್ಲಿಯೂ ನೋಂದಣಿ ಸಿಗದಿದ್ದರೆ ಎರಡು ದಾರಿಗಳಿವೆ. ಒಂದು, ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969ರ ಪ್ರಕಾರ ತಡವಾದ ನೋಂದಣಿ ಮಾಡಿಸುವುದು. ಹುಟ್ಟಿ ಒಂದು ವರ್ಷ ಮೀರಿದ್ದರೆ ಇದಕ್ಕೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ಇನ್ನೊಂದು, ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ ಪಡೆದು, ಅದರ ಜೊತೆಗೆ ಶಾಲಾ ದಾಖಲೆಗಳನ್ನೂ ತಂದೆತಾಯಿ ಅಥವಾ ಹೆರಿಗೆಯನ್ನು ಬಲ್ಲ ಹಿರಿಯರ ಅಫಿಡವಿಟ್‌ಗಳನ್ನೂ ಇಡುವುದು. ನನ್ನ ಅಭಿಪ್ರಾಯದಲ್ಲಿ ಸಮಯವಿದ್ದವರು ಎರಡನ್ನೂ ಮಾಡಬೇಕು, ಏಕೆಂದರೆ ಮದುವೆಯ ನಂತರ ದಿಢೀರನೆ ನೋಂದಣಿಯಾದ ಜನನಕ್ಕೆ ಹಳೆಯ ಪುರಾವೆಯ ಬೆಂಬಲ ಹೇಗೂ ಬೇಕಾಗುತ್ತದೆ. ಅಫಿಡವಿಟ್ ಬರೆಯುವವರು ತಮಗೆ ಈ ವಿಷಯ ಹೇಗೆ ಗೊತ್ತು ಎಂಬುದನ್ನು ಹೇಳಲೇಬೇಕು. "ನಾನು ಬಲ್ಲೆ" ಎಂಬ ಒಂದು ಸಾಲಿಗೆ ಬೆಲೆಯಿಲ್ಲ.

ಹಂತ 3: ಪಾಸ್‌ಪೋರ್ಟ್

ಉಪನಾಮದ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರಗಳು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ, ಬಂದು ಕೂರುತ್ತವೆ. ಅವು ಮುಂದೆ ಗ್ರೀನ್ ಕಾರ್ಡಿಗೂ ಚಾಲನಾ ಪರವಾನಗಿಗೂ ಅಂಟಿಕೊಂಡು ಬರುತ್ತವೆ. ಬದಲಿಸುವುದಿದ್ದರೆ ಅರ್ಜಿಗೆ ಮೊದಲೇ ಬದಲಿಸಬೇಕು.

ಇದಕ್ಕೆ ವಿರುದ್ಧವಾದ ಆತುರವೂ ಇದೆ. ಮದುವೆಯಾದ ಕೂಡಲೇ ಗಂಡನ ಹೆಸರು ಸೇರಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಬೇಕೆಂದು ಹಿರಿಯರು ಒತ್ತಾಯಿಸುತ್ತಾರೆ. ವೀಸಾಕ್ಕೆ ಅದರ ಅಗತ್ಯವಿಲ್ಲ. ಹುಟ್ಟಿನಿಂದ ಬಂದ ಹೆಸರಿನಲ್ಲಿ ಎಲ್ಲ ದಾಖಲೆಗಳೂ ಹೊಂದಿಕೊಂಡಿದ್ದರೆ ಗ್ರೀನ್ ಕಾರ್ಡ್ ಕೈಸೇರುವವರೆಗೆ ಹೆಸರನ್ನು ಮುಟ್ಟದಿರುವುದೇ ಜಾಣತನ.

ಹಂತ 4: ವಿವಾಹ ನೋಂದಣಿ

ಪುರೋಹಿತರು ಕೊಟ್ಟ ಪತ್ರ, ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದ ಪ್ರಮಾಣಪತ್ರ ಇವು ಪೂರಕ ಪುರಾವೆಗಳು ಮಾತ್ರ. ಕಡತಕ್ಕೆ ಬೇಕಾದುದು ಉಪನೋಂದಣಾಧಿಕಾರಿ ಕೊಡುವ ವಿವಾಹ ಪ್ರಮಾಣಪತ್ರ. ಹಿಂದೂ ವಿವಾಹ ಕಾಯ್ದೆ, 1955ರಡಿ ನೋಂದಣಿಗೆ ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸು ಮತ್ತು ವಿಳಾಸದ ದಾಖಲೆಗಳು ಹಾಗೂ ಸಾಕ್ಷಿಗಳು ಬೇಕು; ಅರ್ಜಿಯನ್ನು ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕ ಆರಂಭಿಸಬಹುದು. ರಜೆಯ ಮೇಲೆ ಬಂದ ವರ ಮರಳಿ ವಿಮಾನ ಹತ್ತುವ ಮೊದಲೇ ಇದನ್ನು ಮುಗಿಸಿ, ದೃಢೀಕೃತ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಪಡೆದಿಟ್ಟುಕೊಳ್ಳಬೇಕು.

ಕಚೇರಿಯಿಂದ ಹೊರಬರುವ ಮೊದಲು ಅಲ್ಲಿಯೇ ನಿಂತು ಪ್ರಮಾಣಪತ್ರವನ್ನು ಓದಬೇಕು. ಮದುವೆಯ ದಿನಾಂಕದ ಜಾಗದಲ್ಲಿ ಧಾರೆ ಎರೆದ ದಿನವಿದೆಯೋ ನೋಂದಣಿಯ ದಿನ ಬಂದುಬಿಟ್ಟಿದೆಯೋ ನೋಡಬೇಕು. ವಧುವಿನ ಹೆಸರು ಪಾಸ್‌ಪೋರ್ಟಿನಂತೆಯೇ ಇದೆಯೋ, ಗುಮಾಸ್ತರು ತಾವಾಗಿ ಗಂಡನ ಹೆಸರನ್ನು ಸೇರಿಸಿದ್ದಾರೋ ಗಮನಿಸಬೇಕು. ಇಬ್ಬರಲ್ಲಿ ಯಾರಿಗಾದರೂ ಮೊದಲು ಮದುವೆಯಾಗಿ ವಿಚ್ಛೇದನವಾಗಿದ್ದರೆ ಆ ಸ್ಥಿತಿ ಸರಿಯಾಗಿ ದಾಖಲಾಗಿರಬೇಕು.

ಒಂದು ರೂಢಿಯ ಬಗ್ಗೆ ಗಟ್ಟಿಯಾಗಿಯೇ ಎಚ್ಚರಿಸಬೇಕಾಗಿದೆ. ವೀಸಾ ಬೇಗ ಬರಲೆಂದು ನಿಶ್ಚಿತಾರ್ಥದ ಬೆನ್ನಲ್ಲೇ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿ, ಶಾಸ್ತ್ರೋಕ್ತ ಮದುವೆಯನ್ನು ಆರೇಳು ತಿಂಗಳ ನಂತರ ಇಟ್ಟುಕೊಳ್ಳುವವರು ಅನೇಕರಿದ್ದಾರೆ. ವಿಧಿಪೂರ್ವಕ ಮದುವೆ ನಡೆಯದೆ ಬರಿಯ ನೋಂದಣಿಯಿಂದ ಹಿಂದೂ ವಿವಾಹ ಸಿದ್ಧವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಷ್ಟೇ ಅಲ್ಲ, ನಡೆಯದ ಮದುವೆಯ ದಿನಾಂಕವನ್ನು ಅರ್ಜಿಯಲ್ಲಿ ಬರೆದು, ಆಮೇಲೆ ಬೇರೆ ದಿನಾಂಕದ ಲಗ್ನಪತ್ರಿಕೆ ಮತ್ತು ಫೋಟೋಗಳನ್ನು ಪುರಾವೆಯಾಗಿ ಕಳಿಸಿದಾಗ ಅಧಿಕಾರಿಗೆ ಕಾಣುವುದು ಸುಳ್ಳು ಹೇಳಿಕೆ. ಮದುವೆಗೆ ಮೊದಲೇ ಕಾನೂನಿನ ಬಂಧ ಬೇಕೆನ್ನುವವರು ವಿಶೇಷ ವಿವಾಹ ಕಾಯ್ದೆ, 1954ರಡಿ 30 ದಿನಗಳ ನೋಟಿಸ್ ಕೊಟ್ಟು ವಿವಾಹವಾಗಬಹುದು. ಆಗ ಆ ದಿನವೇ ಮದುವೆಯ ದಿನ, ಮುಂದಿನದು ಕುಟುಂಬದ ಸಮಾರಂಭ ಎಂದು ಎಲ್ಲ ಕಡೆಯೂ ಒಂದೇ ರೀತಿ ಬರೆಯಬೇಕು.

ಹಿಂದಿನ ಮದುವೆ ಮುಗಿದಿರುವುದಕ್ಕೆ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ, ಸಂಗಾತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕು. ಊರಿನ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದುಕೊಂಡ ಬಿಡುಗಡೆ ಪತ್ರವನ್ನು ನಂಬಿ ಮುಂದುವರಿಯಬಾರದು.

ಹಂತ 5: ಮದುವೆ ನಿಜವಾದುದೆಂಬ ಪುರಾವೆ

ಪ್ರಮಾಣಪತ್ರ ಮದುವೆಯಾಗಿದೆ ಎಂಬುದನ್ನು ತೋರಿಸುತ್ತದೆ. ಇಬ್ಬರೂ ಸಂಸಾರ ನಡೆಸುವ ಉದ್ದೇಶದಿಂದಲೇ ಮದುವೆಯಾಗಿದ್ದಾರೆ ಎಂಬುದನ್ನು ಬೇರೆಯಾಗಿ ತೋರಿಸಬೇಕು. ಮನೆಯವರು ನೋಡಿ ಮಾಡಿದ ಮದುವೆಯಲ್ಲಿ, ಎರಡು ಮೂರು ವಾರಗಳ ರಜೆ ಮುಗಿದು ವರ ಹೊರಟುಹೋದ ಮೇಲೆ, ಜಂಟಿ ಮನೆಬಾಡಿಗೆ, ಜಂಟಿ ಸಾಲ ಮುಂತಾದವು ಇರುವುದಿಲ್ಲ. ಅದರಿಂದ ಗಾಬರಿಯಾಗಬೇಕಿಲ್ಲ. ಜಾತಕ ವಿನಿಮಯದ ಕಾಲದ ಇಮೇಲ್, ನಿಶ್ಚಿತಾರ್ಥದ ಆಮಂತ್ರಣ, ವಿಮಾನದ ಟಿಕೆಟ್ ಮತ್ತು ಪಾಸ್‌ಪೋರ್ಟಿನ ಪ್ರವೇಶ ಮೊಹರು, ಒಟ್ಟಿಗೆ ತಂಗಿದ ಹೋಟೆಲಿನ ಬಿಲ್ಲು, ಹಣ ಕಳಿಸಿದ ವಿವರ, ಜೀವವಿಮೆಯಲ್ಲಿ ನಾಮಿನಿಯಾಗಿ ಸಂಗಾತಿಯ ಹೆಸರು ಇವೆಲ್ಲ ಕಾಲಕ್ರಮದಲ್ಲಿ ಜೋಡಿಸಿದರೆ ಸಂಬಂಧ ಬೆಳೆದ ದಾರಿ ತಾನಾಗಿ ಕಾಣುತ್ತದೆ.

ಫೋಟೋಗಳ ವಿಷಯದಲ್ಲಿ ನಮ್ಮವರು ಇಡೀ ಆಲ್ಬಮ್ಮನ್ನೇ ಸುರಿಯುತ್ತಾರೆ. ವೇದಿಕೆಯ ಮೇಲೆ ಉಡುಗೊರೆ ಕೊಡುವವರ ಸಾಲಿನ ನೂರು ಚಿತ್ರಗಳು ಒಂದೇ ವಿಷಯ ಹೇಳುತ್ತವೆ. ನಿಶ್ಚಿತಾರ್ಥ, ಧಾರೆ, ಮಾಂಗಲ್ಯ ಧಾರಣೆ, ಎರಡೂ ಕಡೆಯ ತಂದೆತಾಯಿಯರ ಜೊತೆ, ಗೃಹಪ್ರವೇಶ, ಆಮೇಲಿನ ಭೇಟಿಗಳು ಎಂದು ಬೇರೆಬೇರೆ ದಿನ ಮತ್ತು ಸ್ಥಳಗಳ ಇಪ್ಪತ್ತು ಮೂವತ್ತು ಚಿತ್ರಗಳನ್ನು ಆರಿಸಿ, ಪ್ರತಿಯೊಂದರ ಕೆಳಗೆ ದಿನಾಂಕ, ಊರು ಮತ್ತು ಚಿತ್ರದಲ್ಲಿರುವವರ ಸಂಬಂಧವನ್ನು ಬರೆಯಬೇಕು. ವಾಟ್ಸಾಪ್ ಸಂಭಾಷಣೆಯನ್ನೂ ಪೂರ್ತಿ ಮುದ್ರಿಸಬಾರದು. ತಿಂಗಳಿಗೆ ಒಂದೆರಡು ಪುಟ ಮತ್ತು ಕರೆಗಳ ಪಟ್ಟಿ ಸಾಕು. ಕನ್ನಡದಲ್ಲಿರುವ ಸಂದೇಶಗಳನ್ನು ಸೇರಿಸಿದರೆ ಅವುಗಳ ಅನುವಾದವನ್ನೂ ಕೊಡಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ತೊಂದರೆಯ ಮುನ್ಸೂಚನೆ ಎಂದರೆ ಮದುವೆಯ ದಿನದ ನಂತರದ ಪುರಾವೆ ಏನೂ ಇಲ್ಲದಿರುವುದು. ಅರ್ಜಿ ಸಲ್ಲಿಸಿದ ಮೇಲೂ ಟಿಕೆಟ್‌ಗಳನ್ನೂ ಫೋಟೋಗಳನ್ನೂ ಕೂಡಿಸುತ್ತಲೇ ಇರಬೇಕು, ಏಕೆಂದರೆ ಸಂದರ್ಶನದಲ್ಲಿ ಹೊಸ ಪುರಾವೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 6: ಅನುವಾದ

ಕನ್ನಡದಲ್ಲಿರುವ ಪ್ರತಿಯೊಂದು ದಾಖಲೆಗೂ ಪೂರ್ಣ ಇಂಗ್ಲಿಷ್ ಅನುವಾದ ಮತ್ತು ಅದರ ಕೆಳಗೆ, ಅನುವಾದ ಪೂರ್ಣವೂ ನಿಖರವೂ ಆಗಿದೆ, ತಾನು ಎರಡೂ ಭಾಷೆಗಳನ್ನು ಬಲ್ಲೆ ಎಂಬ ಅನುವಾದಕರ ಸಹಿ ಇರುವ ಹೇಳಿಕೆ ಬೇಕು. ಅನುವಾದಕರ ಹೆಸರು, ವಿಳಾಸ, ದಿನಾಂಕಗಳನ್ನೂ ಅಲ್ಲಿಯೇ ಬರೆಸಬೇಕು. ಸರ್ಕಾರಿ ಪರವಾನಗಿ ಇರುವ ಅನುವಾದಕರೇ ಆಗಬೇಕೆಂಬ ನಿಯಮವಿಲ್ಲ. ಆದರೆ ಗಂಡನೋ ಹೆಂಡತಿಯೋ ತಾವೇ ಅನುವಾದಿಸುವುದು ಒಳ್ಳೆಯದಲ್ಲ.

ಮೊಹರಿನೊಳಗಿನ ಅಕ್ಷರ, ಅಂಚಿನ ಟಿಪ್ಪಣಿ, ಹಿಂಬದಿಯ ಬರಹ ಎಲ್ಲವೂ ಅನುವಾದವಾಗಬೇಕು, ಓದಲಾಗದ ಕಡೆ ಓದಲಾಗುವುದಿಲ್ಲವೆಂದೇ ಬರೆಯಬೇಕು. ಮೂಲದಲ್ಲಿ ತಂದೆಯ ಹೆಸರಿನ ಅರ್ಧ ಮಾತ್ರ ಇದ್ದರೆ ಅನುವಾದದಲ್ಲಿ ಅದನ್ನು ಪೂರ್ತಿ ಮಾಡಿ ಬರೆಯುವ ಉಪಕಾರಬುದ್ಧಿಯ ಅನುವಾದಕರಿಂದ ಹಾನಿಯೇ ಹೆಚ್ಚು, ಏಕೆಂದರೆ ಮುಂಬೈಯಲ್ಲಿ ಮೂಲವನ್ನು ಓದಬಲ್ಲವರ ಕೈಗೆ ಅದು ಸಿಕ್ಕಿದಾಗ ಎರಡೂ ಹೊಂದುವುದಿಲ್ಲ.

ಅಪಾಸ್ಟಿಲ್, ಅಂದರೆ ವಿದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರ ಹಾಕಿಕೊಡುವ ದೃಢೀಕರಣ, ಬೇಕೇ ಎಂದು ಪದೇಪದೇ ಕೇಳುತ್ತಾರೆ. ಅಮೆರಿಕದ ಈ ಅರ್ಜಿಗೆ ಬೇಡ. ಜರ್ಮನಿಗೆ ಹೋಗುವವರ ಸ್ಥಿತಿ ಬೇರೆ: ಭಾರತದ ಅಪಾಸ್ಟಿಲ್ಲನ್ನು ಜರ್ಮನಿ ಮಾನ್ಯ ಮಾಡುವುದಿಲ್ಲವಾದ್ದರಿಂದ ಅಲ್ಲಿನ ಅಧಿಕಾರಿಗಳು ಕೇಳಿದಾಗ ದಾಖಲೆಗಳನ್ನು ಊರಿಗೇ ಬಂದು ಪರಿಶೀಲಿಸುವ ಕ್ರಮವಿದೆ, ಜೊತೆಗೆ ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಭಾಷೆಯ ಪ್ರಮಾಣಪತ್ರವೂ ಬೇಕು.

ಹಂತ 7: ಐ-130 ಅರ್ಜಿಯನ್ನು ಕಟ್ಟುವುದು

ಇಷ್ಟಾದ ಮೇಲೆ ಅರ್ಜಿ ತುಂಬುವುದು ಸುಲಭ. ಅರ್ಜಿದಾರರ ಪೌರತ್ವದ ಅಥವಾ ಗ್ರೀನ್ ಕಾರ್ಡಿನ ಪ್ರತಿ, ವಿವಾಹ ಪ್ರಮಾಣಪತ್ರ, ಹಿಂದಿನ ಮದುವೆಗಳ ಸಮಾಪ್ತಿಯ ದಾಖಲೆ, ಇಬ್ಬರ 2 ಅಂಗುಲ ಚೌಕದ ಫೋಟೋ, ಸಂಗಾತಿಯ ವಿವರಗಳಿಗಾಗಿ ಐ-130ಎ ಮತ್ತು ಐದನೆಯ ಹಂತದ ಪುರಾವೆಗಳನ್ನು ಇದೇ ಕ್ರಮದಲ್ಲಿ ಇಡಬೇಕು. 2024ರ ಏಪ್ರಿಲ್‌ನಲ್ಲಿ ಶುಲ್ಕವನ್ನು ಆನ್‌ಲೈನ್ ಅರ್ಜಿಗೆ 625 ಡಾಲರ್, ಕಾಗದದ ಅರ್ಜಿಗೆ 675 ಡಾಲರ್ ಎಂದು ನಿಗದಿಪಡಿಸಲಾಯಿತು. ಶುಲ್ಕ ಆಗಾಗ ಪರಿಷ್ಕರಣೆಯಾಗುವುದರಿಂದ ಸಲ್ಲಿಸುವ ದಿನ ಮತ್ತೊಮ್ಮೆ ನೋಡಿಕೊಳ್ಳಬೇಕು.

ವಿಳಾಸ ಬರೆಯುವಾಗ ಕೇರಾಫ್, ಅಂಚೆ, ಹೋಬಳಿ, ತಾಲ್ಲೂಕು ಎಂದು ನಾಲ್ಕು ಸಾಲು ತುಂಬುವ ನಮ್ಮ ಅಭ್ಯಾಸವನ್ನು ಬಿಟ್ಟು, ಎಲ್ಲ ನಮೂನೆಗಳಲ್ಲೂ ಒಂದೇ ರೂಪದ ವಿಳಾಸ ಕೊಡಬೇಕು. ಸಲ್ಲಿಸಿದ ಅರ್ಜಿಯ ಪೂರ್ಣ ಪ್ರತಿಯನ್ನು ಊರಿನಲ್ಲಿರುವ ಸಂಗಾತಿಯ ಬಳಿಯೂ ಇಡಬೇಕು. ಮುಂದಿನ ನಮೂನೆಗಳನ್ನು ಅದನ್ನು ನೋಡಿಕೊಂಡೇ ತುಂಬಬೇಕಾಗುತ್ತದೆ.

ಹಂತ 8: ಎನ್‌ವಿಸಿ, ಆರ್ಥಿಕ ಭರವಸೆ, ಪೊಲೀಸ್ ಪ್ರಮಾಣಪತ್ರ

ಇಲ್ಲಿ ಶುಲ್ಕ ಕಟ್ಟಿ, ಡಿಎಸ್-260 ಎಂಬ ವಲಸೆ ವೀಸಾ ಅರ್ಜಿಯನ್ನು ತುಂಬಿ, ದಾಖಲೆಗಳ ಸ್ಕ್ಯಾನ್‌ಗಳನ್ನು ಏರಿಸಬೇಕು. ಪ್ರತಿ ಕಡತ 4 ಎಂಬಿ ಮೀರಬಾರದು. ಮೊಬೈಲಿನಲ್ಲಿ ಕೈಯ ನೆರಳು ಬಿದ್ದಂತೆ ತೆಗೆದ ಚಿತ್ರಗಳು, ಹಿಂಬದಿಯ ಮೊಹರು ಬಿಟ್ಟುಹೋದ ಪ್ರತಿಗಳು, ದಾಖಲೆ ಒಂದು ಕಡೆ ಅನುವಾದ ಇನ್ನೊಂದು ಕಡೆ ಏರಿಸಿದ ಕಡತಗಳು ತಿರಸ್ಕೃತವಾಗಿ ಹಿಂದಿರುಗುತ್ತವೆ. ದಾಖಲೆ ಮತ್ತು ಅದರ ಅನುವಾದವನ್ನು ಒಂದೇ ಪಿಡಿಎಫ್‌ನಲ್ಲಿ ಸೇರಿಸಬೇಕು.

ಆರ್ಥಿಕ ಭರವಸೆಯ ಐ-864 ನಮೂನೆ ಅಮೆರಿಕದಲ್ಲಿರುವವರ ಜವಾಬ್ದಾರಿ. ಅವರ ಆದಾಯ ಸಾಮಾನ್ಯವಾಗಿ ಅಲ್ಲಿನ ಬಡತನ ಮಾರ್ಗಸೂಚಿಯ ಶೇ. 125ರಷ್ಟಾದರೂ ಇರಬೇಕು, ಸಾಲದಿದ್ದರೆ ಜಂಟಿ ಪ್ರಾಯೋಜಕರನ್ನು ಹುಡುಕಬೇಕು. ಹೆಣ್ಣಿನ ಮನೆಯವರು ಅಡಿಕೆ ತೋಟದ ಪಹಣಿ, ಆದಾಯ ಪ್ರಮಾಣಪತ್ರ, ಚಿನ್ನದ ಮೌಲ್ಯಮಾಪನಗಳ ಕಟ್ಟನ್ನು ಕಳಿಸುವುದು ಪ್ರವಾಸಿ ವೀಸಾದ ಗೊಂದಲ. ಒಂದು ವರ್ಷದೊಳಗೆ ನಗದಾಗಿಸಬಹುದಾದ ಆಸ್ತಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ, ಅವಿಭಕ್ತ ಕುಟುಂಬದ, ಅಜ್ಜನ ಹೆಸರಿನಲ್ಲೇ ಇರುವ ತೋಟದ ಪಹಣಿ ಇಲ್ಲಿ ಏನನ್ನೂ ಸಾಧಿಸುವುದಿಲ್ಲ.

ಪೊಲೀಸ್ ಪ್ರಮಾಣಪತ್ರವನ್ನು ಠಾಣೆಯಿಂದಲೋ ಎಸ್‌ಪಿ ಕಚೇರಿಯಿಂದಲೋ ತರಬಾರದು. ಪಾಸ್‌ಪೋರ್ಟ್ ಸೇವಾ ಮೂಲಕ ಪಡೆದ ಪಿಸಿಸಿಯೇ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಬೇಕು. ಶುಲ್ಕ 500 ರೂಪಾಯಿ. 2022ರ ಸೆಪ್ಟೆಂಬರ್‌ನಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ಇದಕ್ಕೆ ಅವಕಾಶವಾಗಿದೆ. ಇದನ್ನು ಐ-130 ಜೊತೆಯಲ್ಲೇ ಮಾಡಿಸುವುದು ವ್ಯರ್ಥ, ಏಕೆಂದರೆ ಎರಡು ವರ್ಷ ಮೀರಿದರೆ ಮತ್ತೆ ಮಾಡಿಸಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ತವರಿನ ವಿಳಾಸವಿದ್ದು ಈಗ ಅತ್ತೆಯ ಮನೆಯಲ್ಲಿದ್ದರೆ, ಈಗ ವಾಸವಿರುವ ವಿಳಾಸವನ್ನೇ ಬರೆದು, ಪೊಲೀಸರು ಬಂದಾಗ ಮನೆಯಲ್ಲಿರಬೇಕು. ಹದಿನಾರು ತುಂಬಿದ ಮೇಲೆ ದುಬೈ ಮುಂತಾದ ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಹೆಚ್ಚು ಕಾಲ ವಾಸವಿದ್ದವರಿಗೆ ಆ ದೇಶದ ಪ್ರಮಾಣಪತ್ರವೂ ಬೇಕು.

ಎನ್‌ವಿಸಿಯ ಪತ್ರಗಳಿಗೆ ಒಂದು ವರ್ಷ ಉತ್ತರವೇ ಕೊಡದಿದ್ದರೆ ಕಡತ ರದ್ದಾಗುವ ಹಂತಕ್ಕೆ ಹೋಗಬಹುದು. ಇಮೇಲನ್ನು ಏಜೆಂಟರ ವಿಳಾಸಕ್ಕೆ ಬಿಟ್ಟು ಸುಮ್ಮನಿರಬಾರದು.

ಹಂತ 9: ಮುಂಬೈಗೆ ಒಯ್ಯುವ ಕಡತ

ಸಂದರ್ಶನದ ಪತ್ರ ಬಂದ ನಂತರ, ಕಾನ್ಸುಲೇಟ್ ಗೊತ್ತುಮಾಡಿದ ವೈದ್ಯರ ಬಳಿ ಮಾತ್ರ ಆರೋಗ್ಯ ತಪಾಸಣೆ ಮಾಡಿಸಬೇಕು. ಬೇರೆ ಆಸ್ಪತ್ರೆ ಎಷ್ಟೇ ದೊಡ್ಡದಾದರೂ ಅದರ ವರದಿ ನಡೆಯುವುದಿಲ್ಲ. ಬಾಲ್ಯದ ಲಸಿಕೆಯ ಕಾರ್ಡ್ ಮನೆಯಲ್ಲಿದ್ದರೆ ಒಯ್ಯಬೇಕು.

ಎನ್‌ವಿಸಿಗೆ ಏರಿಸಿದ ಪ್ರತಿಯೊಂದರ ಮೂಲವೂ ಏರಿಸಿದ ಕ್ರಮದಲ್ಲಿಯೇ ಕೈಚೀಲದಲ್ಲಿರಬೇಕು, ರೈಲಿನ ಲಗೇಜಿನಲ್ಲಿ ಅಲ್ಲ. ಮೊದಲ ಹಂತದ ತಾಳೆ ಪಟ್ಟಿಯ ಪ್ರತಿಯೂ ಜೊತೆಗಿರಲಿ, ಹೆಸರಿನ ವ್ಯತ್ಯಾಸದ ಬಗ್ಗೆ ಕೇಳಿದಾಗ ಯಾವ ಅಫಿಡವಿಟ್ ಎಲ್ಲಿದೆ ಎಂದು ತಡಕಾಡದೆ ತೆಗೆದುಕೊಡಬಹುದು. ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲವೆಂದೇ ಹೇಳಬೇಕು. ಗಂಡನ ಸಂಬಳವನ್ನು ಅಂದಾಜಿನಲ್ಲಿ ಹೇಳಿ ಐ-864ಗೆ ವಿರುದ್ಧವಾಗುವುದಕ್ಕಿಂತ ಅದು ಮೇಲು.

ಸಂದರ್ಶನದ ಕೊನೆಯಲ್ಲಿ 221(ಜಿ) ಎಂದಿರುವ ಚೀಟಿ ಕೊಟ್ಟರೆ, ಸಾಮಾನ್ಯವಾಗಿ ಅದರ ಅರ್ಥ ಯಾವುದೋ ದಾಖಲೆ ಕಡಿಮೆಯಿದೆ ಅಥವಾ ಪರಿಶೀಲನೆ ಬಾಕಿಯಿದೆ ಎಂದು. ಚೀಟಿಯಲ್ಲಿ ಕೇಳಿದ್ದನ್ನು ಮಾತ್ರ, ಅಲ್ಲಿ ಹೇಳಿದ ರೀತಿಯಲ್ಲೇ, ಪ್ರಕರಣದ ಸಂಖ್ಯೆ ಬರೆದು ಕಳಿಸಬೇಕು. ಕೇಳದ ಹೊಸ ದಾಖಲೆಗಳನ್ನು ಅದರ ಜೊತೆಗೆ ತುರುಕಿದರೆ ಅವುಗಳಲ್ಲಿನ ಹೊಸ ಕಾಗುಣಿತಗಳಿಗೂ ಉತ್ತರ ಹೇಳಬೇಕಾಗುತ್ತದೆ. ವೀಸಾ ದೊರೆತಾಗ ಮದುವೆಗೆ ಎರಡು ವರ್ಷ ತುಂಬಿಲ್ಲದಿದ್ದರೆ ಅಮೆರಿಕದ ಪ್ರಜೆಯ ಸಂಗಾತಿಗೆ ಸಿಗುವುದು ಸಿಆರ್1 ಎಂಬ ಷರತ್ತಿನ ವೀಸಾ. ಅಮೆರಿಕ ಪ್ರವೇಶಿಸುವ ದಿನಕ್ಕೂ ಎರಡು ವರ್ಷ ತುಂಬದಿದ್ದರೆ ಸಿಗುವ ಷರತ್ತಿನ ಗ್ರೀನ್ ಕಾರ್ಡ್ ಎರಡು ವರ್ಷ ಮಾತ್ರ ನಡೆಯುತ್ತದೆ. ಅದರ ಅವಧಿ ಮುಗಿಯುವ ಮೊದಲಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿಯನ್ನು ಸಲ್ಲಿಸಬೇಕು, ಮತ್ತು ಆಗ ಮತ್ತೆ ಐದನೆಯ ಹಂತದ ಪುರಾವೆಗಳೇ ಬೇಕಾಗುತ್ತವೆ.